ಹಿಂದಿನ ಬೆಂಚಿನಲ್ಲಿ ಯಾರು ಕೂರುತ್ತಾರೆ?
ಯುವಜನರ ಅಧ್ಯಯನ ಪಾಠ
ಓದಿಕೊಂಡು ಬರಬೇಕಾದ ಭಾಗ: ಸಂತ ಯಕೋಬರ ಪತ್ರ 2:1-9



ಅಮೆರಿಕದ ವರ್ಣಭೇದದ ಸುದ್ದಿ ಬಂದಾಗ ಅದು ಅವರ ದೇಶದ ಸಮಸ್ಯೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾರತಕ್ಕೆ ಬಂದಿದ್ದರು. ಕೇರಳದ ಒಂದು ಶಾಲೆಯಲ್ಲಿ ದಲಿತ ಮಕ್ಕಳ ಮುಂದೆ ಅವರನ್ನು ಅಮೆರಿಕದಿಂದ ಬಂದ ಒಬ್ಬ ಅಸ್ಪೃಶ್ಯರೆಂದು ಪರಿಚಯಿಸಲಾಯಿತು. ಅವರಿಗೆ ಮೊದಲು ಬೇಸರವಾಯಿತು. ಆಮೇಲೆ ತನ್ನ ಜನರ ಬಡತನವನ್ನೂ ಅವಮಾನವನ್ನೂ ನೆನೆದು, ಹೌದು, ನಾನೂ ಅಸ್ಪೃಶ್ಯನೇ ಎಂದು ಒಪ್ಪಿಕೊಂಡರು. ಇದನ್ನು 1965ರ ಒಂದು ಪ್ರಬೋಧನೆಯಲ್ಲಿ ಅವರೇ ಹೇಳಿದ್ದಾರೆ.

ಕಾನೂನಿನ ಭೇದ ಹೋದ ಮೇಲೂ ಕೆಲವರು ತಳದಲ್ಲೇ ಉಳಿಯುವುದು ಏಕೆ? ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಜೂಲಿಯಸ್ ವಿಲ್ಸನ್ 1987ರಲ್ಲಿ ಇದಕ್ಕೆ ಉತ್ತರ ಹುಡುಕಿದರು. ನಗರಗಳ ಕಾರ್ಖಾನೆಗಳು ಮುಚ್ಚಿದವು. ಓದಿದ, ಅನುಕೂಲಸ್ಥ ಕಪ್ಪು ಕುಟುಂಬಗಳು ಬೇರೆ ಬಡಾವಣೆಗೆ ಹೋದವು. ಉಳಿದ ಬಡವರಿಗೆ ಕೆಲಸವೂ ಇಲ್ಲ, ದಾರಿ ತೋರುವವರೂ ಇಲ್ಲ. ನಮ್ಮ ತಾಂಡೂರು, ಬಶೀರಾಬಾದ್ ಕಡೆ ನೋಡಿ. ಓದಿದವರು ಹೈದರಾಬಾದಿಗೆ ಹೋಗುತ್ತಾರೆ, ಓದದವರಿಗೆ ಕಲ್ಲುಗಣಿಯ ಕೂಲಿ. ಬಿಎಸ್ಸಿ ಮುಗಿದಾಗ ನಾನೂ ಹೊರಡುವ ಯೋಚನೆಯಲ್ಲೇ ಇದ್ದೆ.

ನಮ್ಮಲ್ಲಿ ಇನ್ನೊಂದು ಗಂಟಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಆ ಸ್ಥಾನ ಸಿಕ್ಕಿತು; ನಮಗೆ ಸಿಕ್ಕಿಲ್ಲ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಧರ್ಮದ ಷರತ್ತು ತೆಗೆಯಿರಿ ಎಂದು ಹೇಳಿತು. ತೆಲಂಗಾಣದಲ್ಲಿ ಪರಿಶಿಷ್ಟ ಜಾತಿಗೆ ಶೇ. 15 ಮೀಸಲಾತಿ, ದಲಿತ ಮೂಲದ ಕ್ರೈಸ್ತರು ಸೇರುವ ಬಿಸಿ-ಸಿ ಗುಂಪಿಗೆ ಶೇ. 1. ಹೀಗೆ ಒಂದೇ ಮನೆತನದ ಇಬ್ಬರು ಅಣ್ಣತಮ್ಮಂದಿರಲ್ಲಿ ಜ್ಞಾನಸ್ನಾನ ಪಡೆದವನ ಸರ್ಟಿಫಿಕೇಟ್ ಬದಲಾಗುತ್ತದೆ, ಆದರೆ ಊರು ಅವನನ್ನು ನೋಡುವ ಕಣ್ಣು ಬದಲಾಗುವುದಿಲ್ಲ.

ಸರ್ಕಾರವನ್ನಷ್ಟೇ ದೂರಿದರೆ ಪಾಠ ಅರ್ಧಕ್ಕೇ ನಿಲ್ಲುತ್ತದೆ. 1838ರಲ್ಲಿ ಅಮೆರಿಕದ ಯೇಸುಸಭೆಯ ಗುರುಗಳೇ 272 ಗುಲಾಮರನ್ನು ಮಾರಿದರು. ಆ ಹಣದ ಒಂದು ಪಾಲು ಜಾರ್ಜ್‌ಟೌನ್ ವಿದ್ಯಾಸಂಸ್ಥೆಯ ಸಾಲ ತೀರಿಸಲು ಹೋಯಿತು. ನಮ್ಮ ಧರ್ಮಸಭೆಯೊಳಗೂ ಜಾತಿಭೇದ ಇದೆ ಎಂದು ಭಾರತದ ಧರ್ಮಾಧ್ಯಕ್ಷರು 2016ರ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದ್ದಾರೆ. 2022ರಲ್ಲಿ ಹೈದರಾಬಾದಿನ ಮಹಾಧರ್ಮಾಧ್ಯಕ್ಷ ಆಂಥೋಣಿ ಪೂಲ ಅವರು ಮೊದಲ ದಲಿತ ಕಾರ್ಡಿನಲ್ ಆದರು. ಸಂತೋಷದ ವಿಷಯವೇ. ಆದರೆ ಅದಕ್ಕೆ ಅಷ್ಟು ಕಾಲ ಬೇಕಾಯಿತು ಎಂಬುದನ್ನೂ ಯೋಚಿಸಬೇಕು.

ತೆಲುಗು ಬಲಿಪೂಜೆಯ ನಡುವೆ ಕನ್ನಡದ ಒಂದು ಗೀತೆಗಾಗಿ ಕೇಳಿಕೊಳ್ಳುವ ನಮಗೆ ಮೂಲೆಗೆ ಸರಿಯುವುದು ಏನೆಂದು ಗೊತ್ತು. ಹಾಗೆಂದು ನಾವು ಬೇರೆಯವರನ್ನು ಮೂಲೆಗೆ ತಳ್ಳುವುದಿಲ್ಲ ಎಂದೇನಿಲ್ಲ. ಶ್ರೀಮಂತನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲ ಬಳಿ ಜಾಗ ಕೊಡುವವರನ್ನು ಸಂತ ಯಕೋಬರು ಗದರುವುದು ಸಭೆಯ ಹೊರಗಿನವರನ್ನಲ್ಲ, ಒಳಗಿನವರನ್ನು.

ಚರ್ಚೆಗೆ:
1. ನಮ್ಮ ಮನೆಯ ಮದುವೆ ಮಾತುಕತೆಯಲ್ಲಿ ಜ್ಞಾನಸ್ನಾನ ಮೊದಲು ಬರುತ್ತದೆಯೋ, ಜಾತಿಯೋ?
2. ಗಣಿ ಕೂಲಿಯ ಮಕ್ಕಳಲ್ಲಿ ಎಷ್ಟು ಮಂದಿ ನಮ್ಮ ಯುವಕೂಟದಲ್ಲಿದ್ದಾರೆ?
3. ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಎರಡು ಗಂಟೆ ಗಣಿತ ಹೇಳಿಕೊಡಲು ಯಾರು ಸಿದ್ಧ? ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.