ಸೂರ್ಯ ಎಲ್ಲರವನು, ಮಾಳಿಗೆ ಯಾರದು?



ಈ ವಾರದ ಪಾಠಕ್ಕೆ ಕುಳಿತುಕೊಳ್ಳುವ ಮೊದಲು ನಿಮ್ಮ ಮನೆಯ ಲೈಟ್ ಬಿಲ್ಲನ್ನು ಹುಡುಕಿ ತನ್ನಿರಿ. ಸಾಮಾನ್ಯವಾಗಿ ಅದು ಟಿ.ವಿ. ಮೇಲೆಯೋ ಗೋಡೆಯ ಪಟದ ಹಿಂದೆಯೋ ಇರುತ್ತದೆ. 2023ರ ಜುಲೈ 1ರಿಂದ ರಾಜ್ಯ ಸರಕಾರ ಗೃಹಜ್ಯೋತಿ ಯೋಜನೆಯನ್ನು ಜಾರಿಗೆ ತಂದ ಮೇಲೆ ನಮ್ಮಲ್ಲಿ ಅನೇಕರ ಬಿಲ್ಲಿನಲ್ಲಿ ಕಟ್ಟಬೇಕಾದ ಹಣದ ಜಾಗದಲ್ಲಿ ಸೊನ್ನೆ ಇರುತ್ತದೆ. ಕಟ್ಟುವುದೇನೂ ಇಲ್ಲದ ಮೇಲೆ ಆ ಕಾಗದವನ್ನು ಓದುವವರು ಯಾರು? ಆದರೆ ಬಿಲ್ಲಿನಲ್ಲಿ ಸೊನ್ನೆ ಇದೆ ಎಂದ ಮಾತ್ರಕ್ಕೆ ಕರೆಂಟಿಗೆ ಬೆಲೆಯೇ ಇಲ್ಲ ಎಂದಾಗುವುದಿಲ್ಲ. ಹಣವನ್ನು ಸರಕಾರ ಹೆಸ್ಕಾಂಗೆ ಕೊಡುತ್ತದೆ. ಹಣವಲ್ಲದ ಇನ್ನೊಂದು ಬೆಲೆಯೂ ಇದೆ. ಅದನ್ನು ಎಲ್ಲೋ ದೂರದಲ್ಲಿ, ನಾವು ಮುಖ ನೋಡದ ಜನರು ಕೊಡುತ್ತಾರೆ.

ಕಲ್ಲಿದ್ದಲು ಮತ್ತು ಎಣ್ಣೆಯನ್ನು ಬಿಟ್ಟು ಬಿಸಿಲು ಮತ್ತು ಗಾಳಿಯ ವಿದ್ಯುತ್ತಿಗೆ ಹೋಗಬೇಕೆಂಬುದು ಇಂದು ನಮ್ಮ ಕೇಂದ್ರ, ರಾಜ್ಯ ಎರಡೂ ಸರಕಾರಗಳ ನೀತಿ. ಒಳ್ಳೆಯ ನೀತಿಯೇ. ಆದರೆ ಅದರ ಲಾಭ ಯಾರ ಮನೆಗೆ, ಅದರ ಭಾರ ಯಾರ ಹೆಗಲಿಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಹೊಗೆ ಊರು ಬಿಟ್ಟು ಹೋಯಿತೇ?

ಹುಬ್ಬಳ್ಳಿಯ ರೈಲ್ವೆ ಕಾಲೊನಿಗಳಲ್ಲಿ ಬೆಳೆದ ಹಿರಿಯರಿಗೆ ಉಗಿಬಂಡಿಯ ಕಾಲ ಚೆನ್ನಾಗಿ ನೆನಪಿದೆ. ಒಣಹಾಕಿದ ಬಿಳಿ ಬಟ್ಟೆಯ ಮೇಲೆ ಕಲ್ಲಿದ್ದಲಿನ ಕರಿಪುಡಿ ಕೂರುತ್ತಿತ್ತು. ಆಮೇಲೆ ಡೀಸೆಲ್ ಎಂಜಿನ್ನುಗಳು ಬಂದವು. 2023ರ ಮಾರ್ಚ್ 12ರಂದು ಪ್ರಧಾನಿಯವರು ಇಲ್ಲಿಗೆ ಬಂದಾಗ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಜೊತೆಗೆ ಹೊಸಪೇಟೆ-ಹುಬ್ಬಳ್ಳಿ-ತಿನೈಘಾಟ್ ಮಾರ್ಗದ ವಿದ್ಯುದೀಕರಣವನ್ನೂ ರಾಷ್ಟ್ರಕ್ಕೆ ಸಮರ್ಪಿಸಿದರು. ಜನರೆಲ್ಲ ಜಗತ್ತಿನಲ್ಲೇ ಉದ್ದವಾದ ಪ್ಲಾಟ್‌ಫಾರ್ಮಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ತಲೆಯ ಮೇಲಿನ ತಂತಿಯನ್ನು ನೋಡಿದವರು ಕಡಿಮೆ. ನನ್ನ ಮಟ್ಟಿಗೆ ಆ ದಿನದ ದೊಡ್ಡ ಸುದ್ದಿ ಆ ತಂತಿಯೇ.

ಆದರೆ ತಂತಿಯಲ್ಲಿ ಹರಿಯುವ ಕರೆಂಟು ಕಲ್ಲಿದ್ದಲನ್ನು ಸುಟ್ಟು ತಯಾರಾದದ್ದಾಗಿದ್ದರೆ ಹೊಗೆ ಇಲ್ಲವಾಗಲಿಲ್ಲ, ಊರು ಬದಲಿಸಿತು ಅಷ್ಟೆ. ಹುಬ್ಬಳ್ಳಿಯ ಗಾಳಿ ಹಗುರಾಯಿತು, ಇನ್ನಾವುದೋ ಊರಿನ ಗಾಳಿ ಭಾರವಾಯಿತು. ಮನೆಯಲ್ಲಿ ಕರೆಂಟಿನ ಒಲೆ ಇಟ್ಟರೂ, ಕರೆಂಟಿನ ಸ್ಕೂಟರ್ ಕೊಂಡರೂ ಇದೇ ಮಾತು.

ನಮ್ಮ ಕರೆಂಟಿನ ವಂಶಾವಳಿ

ಕರ್ನಾಟಕಕ್ಕೆ ಈ ವಿಷಯದಲ್ಲಿ ಒಳ್ಳೆಯ ಹೆಸರಿದೆ. 1902ರಲ್ಲಿಯೇ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ ನಾಡು ಇದು. ಬಹಳ ಕಾಲ ನಾವು ನೀರಿನ ಕರೆಂಟನ್ನೇ ನಂಬಿದ್ದೆವು. ಆದರೆ ಮಳೆ ಕೈಕೊಟ್ಟ ವರ್ಷ ಏನು ಮಾಡುವುದು? 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಶುರುವಾಯಿತು. ಅಲ್ಲಿ ಘಟಕಗಳು ಎಂಟಕ್ಕೆ ಏರಿ ಸಾಮರ್ಥ್ಯ 1720 ಮೆಗಾವ್ಯಾಟ್ ಆಯಿತು. ಬಳ್ಳಾರಿಯ ಕುಡತಿನಿ, ರಾಯಚೂರಿನ ಯರಮರಸ್ ಸ್ಥಾವರಗಳು ನಂತರ ಬಂದವು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿ ಒಂದೂ ಇಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ ರೈಲಿನಲ್ಲಿ ತರಿಸಿ ಸುಡುತ್ತೇವೆ.

2023ರ ಬರಗಾಲ ಇನ್ನೂ ಮರೆತಿಲ್ಲ. ಜಲಾಶಯಗಳು ತುಂಬಲಿಲ್ಲ. ಮಳೆಯಿಲ್ಲದ ಕಾರಣ ರೈತರ ಪಂಪ್‌ಸೆಟ್ಟುಗಳು ಮಳೆಗಾಲದಲ್ಲೇ ಓಡತೊಡಗಿದವು. ನೀರೂ ಇಲ್ಲ, ಬೇಡಿಕೆಯೂ ಹೆಚ್ಚು. ಆ ಅಕ್ಟೋಬರಿನಲ್ಲಿ ಸರಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ, ರಾಜ್ಯದಲ್ಲಿ ಉತ್ಪಾದನೆಯಾಗುವ ಖಾಸಗಿ ಕರೆಂಟು ಹೊರಗೆ ಹೋಗದಂತೆ ತಡೆಯಬೇಕಾಯಿತು. ನೀರನ್ನು ಮಾತ್ರ ನೆಚ್ಚಿಕೊಂಡರೂ ಕಷ್ಟ, ಕಲ್ಲಿದ್ದಲನ್ನು ನೆಚ್ಚಿಕೊಂಡರೂ ಕಷ್ಟ ಎಂಬುದನ್ನು ಆ ವರ್ಷ ಕಲಿಸಿತು.

ಇದಕ್ಕಾಗಿಯೇ ಬಿಸಿಲು, ಗಾಳಿ. ಗದಗದ ಕಡೆಗೆ ಹೋಗಿಬರುವವರು ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿಯೇ ಇರುತ್ತೀರಿ. ಮೋಡ ಕವಿದು ಸೋಲಾರ್ ಮಂಕಾಗುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಜೋರು. ಗಾಳಿ ಬಿದ್ದುಹೋಗುವ ಬೇಸಿಗೆಯಲ್ಲಿ ಬಿಸಿಲು ಜೋರು. ಒಂದು ಮನೆಯ ಅಣ್ಣತಮ್ಮಂದಿರು ಪಾಳಿ ಹಚ್ಚಿಕೊಂಡು ದುಡಿದಂತೆ ಇದು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ದೇಶದ ಒಟ್ಟು ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು 2030ರೊಳಗೆ ಕಲ್ಲಿದ್ದಲು, ತೈಲ, ಅನಿಲಗಳಲ್ಲದ ಮೂಲಗಳದ್ದಾಗಬೇಕೆಂದು ಭಾರತ ಗುರಿ ಇಟ್ಟುಕೊಂಡಿತ್ತು. 2025ರಲ್ಲಿಯೇ ಅದನ್ನು ಮುಟ್ಟಿತು. ಸಂತೋಷ. ಆದರೆ ಸಾಮರ್ಥ್ಯವೇ ಬೇರೆ, ತಯಾರಾಗುವ ಯೂನಿಟ್ಟೇ ಬೇರೆ. ದಿನಕ್ಕೆ ಹತ್ತು ಚೀಲ ಬೀಸಬಲ್ಲ ಗಿರಣಿ ಎರಡು ಚೀಲವನ್ನಷ್ಟೇ ಬೀಸಿದರೆ ಮನೆಗೆ ಬರುವುದು ಎರಡು ಚೀಲದ ಹಿಟ್ಟೇ. ಸೂರ್ಯ ರಾತ್ರಿ ದುಡಿಯುವುದಿಲ್ಲ. ಹೀಗಾಗಿ ದೇಶದಲ್ಲಿ ನಿಜವಾಗಿ ತಯಾರಾಗುವ ಕರೆಂಟಿನ ಬಹುಪಾಲು ಇನ್ನೂ ಕಲ್ಲಿದ್ದಲಿನದೇ. ಪತ್ರಿಕೆಯಲ್ಲಿ ಇಂಥ ಅಂಕಿಗಳನ್ನು ಓದುವಾಗ ಯಾವುದರ ಲೆಕ್ಕ ಹೇಳುತ್ತಿದ್ದಾರೆಂದು ನೋಡಿಕೊಳ್ಳಿರಿ.

ಪಾವಗಡದ ಪಾಠ

ತುಮಕೂರು ಜಿಲ್ಲೆಯ ಪಾವಗಡ ಬರದ ತಾಲ್ಲೂಕು. ಶೇಂಗಾ ಬಿತ್ತಿ ಮುಗಿಲು ನೋಡುವ ಸೀಮೆ. ಅಲ್ಲಿನ ತಿರುಮಣಿ ಸುತ್ತಲಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯ ಮೇಲೆ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದಿದೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ತಿಯಾಯಿತು.

ಸರಕಾರ ಈ ಭೂಮಿಯನ್ನು ರೈತರಿಂದ ಕಸಿದುಕೊಳ್ಳಲಿಲ್ಲ, ಕೊಂಡೂ ಕೊಳ್ಳಲಿಲ್ಲ. ಗೇಣಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಪಹಣಿಯಲ್ಲಿ ಹೆಸರು ರೈತನದೇ ಉಳಿಯಿತು. ಇದು ಎಷ್ಟು ದೊಡ್ಡ ಸುಧಾರಣೆ ಎಂಬುದು ತಿಳಿಯಬೇಕಾದರೆ ಹಿಂದಿನ ಕಥೆಗಳನ್ನು ನೆನೆಯಬೇಕು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅಲ್ಲಿ ಮುಳುಗಡೆಯಾದ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ತಾವು ನೆಲೆಸಿದ ಭೂಮಿಯ ಹಕ್ಕುಪತ್ರಕ್ಕಾಗಿ ಅರ್ಧ ಶತಮಾನ ಕಳೆದ ಮೇಲೂ ಅಲೆದಿದ್ದಾರೆ. ನಮಗೆ ಹತ್ತಿರದ ಕಾಳಿ ನದಿಯನ್ನೇ ನೋಡಿ. ಸೂಪಾ ಎಂಬ ಊರು ನೀರಿನಡಿ ಹೋಯಿತು. ಅಲ್ಲಿಯ ಜನ ರಾಮನಗರಕ್ಕೆ ಬಂದು ನೆಲೆಸಿದರು. ಗೋವೆಗೆ ಹೋಗುವಾಗ ಆ ಊರನ್ನು ದಾಟುತ್ತೇವೆ, ಚಹ ಕುಡಿಯುತ್ತೇವೆ. ನಮ್ಮ ಮನೆಯ ದೀಪಕ್ಕೂ ಅವರ ಮುಳುಗಿದ ಮನೆಗೂ ಸಂಬಂಧವಿದೆ ಎಂದು ಯಾರಾದರೂ ನೆನೆಯುತ್ತೇವೆಯೇ?

ಇಷ್ಟಾಗಿಯೂ ಪಾವಗಡದ ಲೆಕ್ಕದಲ್ಲಿ ಒಂದು ಕೊರತೆ ಉಳಿಯಿತು. ಗೇಣಿ ಬಂದದ್ದು ಭೂಮಿ ಇದ್ದವನಿಗೆ. ಆ ಹೊಲಗಳಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಕೂಲಿ ಪಡೆಯುತ್ತಿದ್ದವರಿಗೆ, ಅದೇ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಪಹಣಿ ಇರಲಿಲ್ಲ. ಆದ್ದರಿಂದ ಗೇಣಿಯೂ ಇಲ್ಲ. ಕೆಲವರಿಗೆ ಪ್ಯಾನೆಲ್ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಸಿಕ್ಕಿತು. ಎಲ್ಲರಿಗೂ ಸಿಗಲಿಲ್ಲ. ಮೋಸ ಯಾರೂ ಮಾಡಲಿಲ್ಲ. ಲೆಕ್ಕವನ್ನು ಪಹಣಿಯಿಂದ ಶುರುಮಾಡಿದರು, ಪಹಣಿ ಇಲ್ಲದವರು ಲೆಕ್ಕದ ಹೊರಗೆ ಉಳಿದರು.

ವಿಶ್ವಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಕಲ್ಲಿದ್ದಲು, ತೈಲಗಳನ್ನು ತಡಮಾಡದೆ ಬಿಡುತ್ತ ಬರಬೇಕೆಂದು ಸ್ಪಷ್ಟವಾಗಿ ಬರೆದರು. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಬೇರೆ ಬೇರೆಯಾಗಿ ಕೇಳಬಾರದೆಂಬುದೂ ಅದೇ ಪತ್ರದ ಬೋಧನೆ. ಮೊದಲನೆಯ ಮಾತನ್ನು ಸರಕಾರಗಳು ಈಗ ಒಪ್ಪಿಕೊಂಡಿವೆ. ಎರಡನೆಯದು ಇನ್ನೂ ಕಷ್ಟದ ಮಾತು.

ಮಾಳಿಗೆ ಇದ್ದವರಿಗೆ

ಈಗ ನಮ್ಮ ಊರಿನ ಮನೆಗಳಿಗೆ ಬರೋಣ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಪಿಎಂ ಸೂರ್ಯಘರ್ ಯೋಜನೆಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳ ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವುದು ಗುರಿ. ಸಹಾಯಧನ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ. ಸರಕಾರ ತನ್ನ ಲೆಕ್ಕಕ್ಕೆ ಹಿಡಿದಿರುವ ದರದಂತೆ ಮೂರು ಕಿಲೋವ್ಯಾಟಿಗೆ 1,45,000 ರೂಪಾಯಿ. ಅಂದರೆ ಅರ್ಧಕ್ಕಿಂತ ಹೆಚ್ಚು ಭಾರವನ್ನು ಸರಕಾರವೇ ಹೊರುತ್ತದೆ. ಅಂಗಡಿಯ ದರ ಇದಕ್ಕಿಂತ ಹೆಚ್ಚಿರಬಹುದು, ನಾಲ್ಕು ಕಡೆ ವಿಚಾರಿಸಿರಿ.

ಒಂದು ಕಿಲೋವ್ಯಾಟಿಗೆ ನೆರಳು ಬೀಳದ ಸುಮಾರು 100 ಚದರಡಿ ಜಾಗ ಬೇಕು. ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ಹಗಲು ಹೆಚ್ಚಾದದ್ದು ಹೆಸ್ಕಾಂ ತಂತಿಗೆ ಹೋಗುತ್ತದೆ, ರಾತ್ರಿ ಬೇಕಾದದ್ದು ಅಲ್ಲಿಂದ ಬರುತ್ತದೆ. ಎರಡನ್ನೂ ಅಳೆಯುವ ಮೀಟರ್ ಕೂರಿಸುತ್ತಾರೆ. ಇದು ನಿಮ್ಮ ಮನೆಯ ಸ್ನಾನದ ನೀರಿನ ಸೋಲಾರ್ ಹೀಟರಿನಂಥದ್ದಲ್ಲ ಎಂಬುದು ನೆನಪಿರಲಿ. ಇನ್ನೊಂದು ಮಾತನ್ನು ಮಾರಾಟಗಾರರು ಹೇಳುವುದನ್ನು ಮರೆಯುತ್ತಾರೆ. ಬ್ಯಾಟರಿ ಇಲ್ಲದ ಸಾಮಾನ್ಯ ಜೋಡಣೆಯಲ್ಲಿ ಬೀದಿಯ ಕರೆಂಟು ಹೋದರೆ ನಿಮ್ಮ ಪ್ಯಾನೆಲ್ಲೂ ನಿಂತುಬಿಡುತ್ತದೆ, ನೆತ್ತಿಯ ಮೇಲೆ ಸೂರ್ಯನಿದ್ದರೂ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯಬಾರದೆಂದು ಹೀಗೆ ಮಾಡಿದ್ದಾರೆ. ಸರಿಯಾದ ವ್ಯವಸ್ಥೆಯೇ, ಆದರೆ ಮೊದಲೇ ತಿಳಿದಿದ್ದರೆ ಬೇಸರವಾಗುವುದಿಲ್ಲ.

ಮಾಳಿಗೆ ಇಲ್ಲದವರಿಗೆ

ಸೂರ್ಯಘರ್ ಯೋಜನೆಗೆ ಅರ್ಜಿ ಹಾಕುವವರಿಗೆ ಸ್ವಂತ ಮನೆ ಇರಬೇಕು, ಅದಕ್ಕೆ ತಕ್ಕ ಮಾಳಿಗೆ ಇರಬೇಕು. ಪರಲೋಕದ ತಂದೆ ಸೂರ್ಯನನ್ನು ಕಳಿಸುವಾಗ ಒಳ್ಳೆಯವರು, ಕೆಟ್ಟವರು ಎಂದು ನೋಡುವುದಿಲ್ಲವೆಂದು ಸಂತ ಮತ್ತಾಯನ ಶುಭಸಂದೇಶದಲ್ಲಿ ಓದಿದ್ದೇವೆ. ಸರಕಾರದ ಕಾಗದದಲ್ಲಿ ಮಾತ್ರ ಸೂರ್ಯ ಉತಾರ ನೋಡಿ ಉದಯಿಸುತ್ತಾನೆ.

ಕೇಶ್ವಾಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುವ ಒಂದು ಕುಟುಂಬವನ್ನು ಊಹಿಸಿಕೊಳ್ಳಿರಿ. ಗೃಹಜ್ಯೋತಿಯ ಸೊನ್ನೆ ಬಿಲ್ಲು ಅವರಿಗೂ ಬರುತ್ತದೆ. ಬಾಡಿಗೆದಾರರನ್ನು ಆ ಯೋಜನೆ ಬಿಟ್ಟಿಲ್ಲ, ಅದು ಮೆಚ್ಚತಕ್ಕ ಮಾತು. ಹಾಗಾದರೆ ಅವರಿಗೆ ಕೊರತೆಯೇನು ಎಂದು ನೀವು ಕೇಳಬಹುದು. ಮನೆಯಲ್ಲಿ ಮುದಿ ತಾಯಿ ಹಾಸಿಗೆ ಹಿಡಿದು ಹಗಲುರಾತ್ರಿ ಫ್ಯಾನು ತಿರುಗಿ, ಪದೇಪದೇ ನೀರು ಕಾಯಿಸಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ಅವರೇ ಕಟ್ಟಬೇಕು. ಇನ್ನೊಂದು, ಸೊನ್ನೆ ಬಿಲ್ಲು ಒಂದು ಸರಕಾರದ ತೀರ್ಮಾನ. ಮಾಳಿಗೆಯ ಪ್ಯಾನೆಲ್ ಸುಮಾರು 25 ವರ್ಷ ಬಾಳುವ ಆಸ್ತಿ. ಸ್ವಂತ ಮನೆಯವನಿಗೆ ಆಸ್ತಿಗಾಗಿ ಸಹಾಯಧನ, ಬಾಡಿಗೆಯವನಿಗೆ ಕೈಯಳತೆಯ ಉಚಿತ. ಎರಡೂ ಸಾರ್ವಜನಿಕರ ಹಣವೇ. ಪಾವಗಡದಲ್ಲಿ ಪಹಣಿ ಇಲ್ಲದವರಿಗೆ ಆದದ್ದೇ ಹುಬ್ಬಳ್ಳಿಯಲ್ಲಿ ಮಾಳಿಗೆ ಇಲ್ಲದವರಿಗೆ ಆಗುತ್ತಿದೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಒಂದು ದೊಡ್ಡ ಮಾಳಿಗೆಯ ಮೇಲೆ ಪ್ಯಾನೆಲ್ ಹಾಕಿ, ಅಲ್ಲಿ ಬಂದ ಯೂನಿಟ್ಟುಗಳನ್ನು ಹಲವು ಮನೆಗಳ ಮೀಟರಿನ ಲೆಕ್ಕಕ್ಕೆ ಹಂಚಿಕೊಡಬಹುದು. ದೆಹಲಿಯ ವಿದ್ಯುತ್ ನಿಯಂತ್ರಣ ಆಯೋಗ 2019ರಲ್ಲಿಯೇ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಬಾಡಿಗೆ ಮನೆಯವರಿಗೆ, ಹಂಚಿನ ಮನೆಯವರಿಗೆ ಇದರಷ್ಟು ಹೊಂದುವ ಪದ್ಧತಿ ಬೇರೊಂದಿಲ್ಲ. ನಮ್ಮ ಧರ್ಮಕೇಂದ್ರಗಳ ಸಭಾಭವನ, ಶಾಲೆಗಳ ಮಾಳಿಗೆಗಳು ಎಷ್ಟು ವಿಶಾಲವಾಗಿವೆ! ವ್ಯಾಟಿಕನ್ನಿನಲ್ಲಿ ಆರನೆಯ ಪೌಲರ ಸಭಾಭವನದ ಮೇಲೆ 2008ರಲ್ಲಿ, ವಿಶ್ವಗುರು ಹದಿನಾರನೆಯ ಬೆನೆಡಿಕ್ಟರ ಕಾಲದಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಪ್ಯಾನೆಲ್‌ಗಳನ್ನು ಹಾಕಿದರು. ಸೂರ್ಯಘರ್ ಸಹಾಯಧನ ಮನೆಗಳಿಗೆ ಮಾತ್ರ, ಸಂಸ್ಥೆಗಳಿಗಿಲ್ಲ. ಆದರೂ ಹಗಲಿನಲ್ಲೇ ನಡೆಯುವ ಶಾಲೆಗೆ ಹಗಲಿನ ಕರೆಂಟು ಚೆನ್ನಾಗಿ ಒಪ್ಪುತ್ತದೆ.

ಹಳ್ಳಿಯ ಬಂಧುಗಳ ಬಗ್ಗೆಯೂ ಒಂದು ಮಾತು. ಕುಂದಗೋಳ, ನವಲಗುಂದದ ಕಡೆ ಹೊಲ ಇರುವವರನ್ನು ಕೇಳಿರಿ, ಪಂಪ್‌ಸೆಟ್ಟಿಗೆ ರಾತ್ರಿ ತ್ರೀ-ಫೇಸ್ ಬಂದರೆ ಬ್ಯಾಟರಿ ಹಿಡಿದು ಹಾವು ಚೇಳಿನ ಭಯದಲ್ಲಿ ಹೊಲಕ್ಕೆ ಹೋಗಬೇಕು. 2019ರ ಕುಸುಮ್ ಯೋಜನೆಯಂತೆ ಪಂಪ್‌ಸೆಟ್ಟಿನ ಫೀಡರುಗಳಿಗೆ ಸೋಲಾರ್ ಜೋಡಿಸಿದರೆ ಅದೇ ನೀರನ್ನು ಹಗಲು ಹಾಯಿಸಬಹುದು. ಸೋಲಾರಿನಿಂದ ರೈತನಿಗಾಗುವ ಮೊದಲ ಲಾಭ ಹಣವಲ್ಲ, ನಿದ್ದೆ.

ಹಗಲಿನ ಬಿಸಿಲನ್ನು ರಾತ್ರಿಗೆ ಕೂಡಿಡುವುದು ಹೇಗೆಂಬ ಪ್ರಶ್ನೆ ಉಳಿಯುತ್ತದೆ. ಹಗಲಿನ ಕರೆಂಟಿನಿಂದ ನೀರನ್ನು ಮೇಲಕ್ಕೆ ಎತ್ತಿ ಸಂಜೆ ಕೆಳಗೆ ಬಿಟ್ಟು ವಿದ್ಯುತ್ ಮಾಡುವ 2000 ಮೆಗಾವ್ಯಾಟಿನ ಯೋಜನೆಯನ್ನು ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ ಸರಕಾರ ಯೋಚಿಸಿದೆ. ಸ್ಥಳೀಯರೂ ಪರಿಸರ ಬಲ್ಲವರೂ ವಿರೋಧಿಸಿದ್ದಾರೆ. ಒಮ್ಮೆ ಮುಳುಗಿದ ಕಣಿವೆಯನ್ನೇ ಮತ್ತೆ ಕೇಳುವ ಮುನ್ನ ಬೇರೆ ದಾರಿಗಳನ್ನೆಲ್ಲ ನೋಡಿದ್ದೇವೆಯೇ ಎಂದು ಕೇಳುವ ಹಕ್ಕು ಅವರಿಗಿದೆ.

ಕುಟುಂಬದಲ್ಲಿ ಮಾತನಾಡಲು

ರಾತ್ರಿ ಊಟದ ನಂತರ ಬಿಲ್ಲನ್ನು ಮಕ್ಕಳ ಕೈಗೆ ಕೊಟ್ಟು ಈ ತಿಂಗಳು ಎಷ್ಟು ಯೂನಿಟ್ ಉರಿಸಿದೆವೆಂದು ಓದಿಸಿರಿ. ನಮ್ಮ ಮಾಳಿಗೆಯ ಮೇಲೆ ನೆರಳಿಲ್ಲದ ಜಾಗ ಎಷ್ಟಿದೆ, ನೀರಿನ ಟಾಕಿ ಎಲ್ಲಿದೆ ಎಂದು ಅವರೇ ಅಳೆಯಲಿ. ಬಾಡಿಗೆಗೆ ಮನೆ ಕೊಟ್ಟವರಾದರೆ, ಪ್ಯಾನೆಲ್ ಹಾಕಿಸಿದ ಮೇಲೆ ಕೆಳಗಿನ ಮನೆಯವರಿಗೆ ಅದರಲ್ಲಿ ಪಾಲು ಕೊಡುವ ಬಗೆ ಏನೆಂದು ಗಂಡಹೆಂಡತಿ ಮಾತಾಡಿಕೊಳ್ಳಿರಿ. ಕಿರು ಕ್ರೈಸ್ತ ಸಮುದಾಯದ ಸಭೆಯಲ್ಲಿ ಎಷ್ಟು ಕುಟುಂಬಗಳು ಬಾಡಿಗೆ ಮನೆಯಲ್ಲಿವೆ ಎಂದು ಎಣಿಸಿರಿ.

ಹೆಸ್ಕಾಂ ದರ ಬದಲಾಗುವ ಮುನ್ನ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅದರ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ. ಯಾವ ಗ್ರಾಹಕನಾದರೂ ಲಿಖಿತ ಆಕ್ಷೇಪಣೆ ಕೊಡಬಹುದು, ಅದಕ್ಕೆ ವಕೀಲರು ಬೇಕಿಲ್ಲ. ಕೈಗಾರಿಕೆಯವರು ಬರುತ್ತಾರೆ, ರೈತ ಮುಖಂಡರು ಬರುತ್ತಾರೆ. ಬಾಡಿಗೆ ಮನೆಯವರ ಹೆಸರಿನಲ್ಲಿ ಒಂದು ಹಾಳೆ ಬರೆದುಕೊಡಲು ನಿಮ್ಮ ಪಾಲನಾ ಸಮಿತಿಯಲ್ಲಿ ಯಾರು ಮುಂದೆ ಬರುತ್ತಾರೆಂದು ಬರುವ ಭಾನುವಾರ ಪೂಜೆ ಮುಗಿದ ಮೇಲೆ ವಿಚಾರಿಸಿ ನೋಡಿರಿ.