ತರಿ ಭೂಮಿಯ ಊಟ, ಖುಷ್ಕಿ ಭೂಮಿಯ ಕಾಳು: ಬುಕ್ಕಸಾಗರ ಸೀಮೆಯಲ್ಲಿ ಸಸ್ಯಾಹಾರದ ಅನುಭವ

ಮಾಂಸ, ಮೀನು, ಮೊಟ್ಟೆಗಳನ್ನು ಬಿಟ್ಟು ಹಾಲು, ಮೊಸರು, ತುಪ್ಪಗಳನ್ನು ಉಳಿಸಿಕೊಂಡ ಊಟವನ್ನು ಸಸ್ಯಾಹಾರವೆಂದು ಕರೆಯುವುದು ಕನ್ನಡ ನಾಡಿನ ರೂಢಿ. ಹಾಲು, ಜೇನು ಸಹಿತ ಪ್ರಾಣಿಯಿಂದ ಬರುವ ಯಾವುದನ್ನೂ ಉಣ್ಣದೆ, ಸಾಧ್ಯವಾದ ಮಟ್ಟಿಗೆ ಚರ್ಮ, ರೇಷ್ಮೆ, ಉಣ್ಣೆಗಳನ್ನೂ ದೂರವಿಡುವ ಜೀವನಕ್ರಮಕ್ಕೆ ವೀಗನ್ ಎಂಬ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಬಂತು. ಹೊಸಪೇಟೆ ತಾಲ್ಲೂಕಿನ ಬುಕ್ಕಸಾಗರ ಮತ್ತು ಅದರ ಸುತ್ತಣ ಊರುಗಳಲ್ಲಿ ಈ ಎರಡರಲ್ಲಿ ಒಂದನ್ನು ಹಿಡಿದವರ ಬದುಕನ್ನು ಹತ್ತಿರದಿಂದ ಗಮನಿಸಿದರೆ, ಮಾಂಸ ಬಿಡುವ ಮನಸ್ಸು ಮಾಡುವುದಕ್ಕಿಂತ ಅದರ ಜಾಗಕ್ಕೆ ಬೇಕಾದ ಕಾಳುಕಡಿಗಳನ್ನು ದಿನವೂ ಹೊಂದಿಸುವುದೇ ಹೆಚ್ಚು ಕಷ್ಟದ ಕೆಲಸವೆಂಬುದು ತಿಳಿಯುತ್ತದೆ.

ಈ ಸೀಮೆ ಎಂದೂ ಪೂರ್ತಿ ಸಸ್ಯಾಹಾರದ್ದಾಗಿರಲಿಲ್ಲ. 1520ರ ಸುಮಾರಿಗೆ ಹತ್ತಿರದ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಾಂಸ ಮುಟ್ಟದ ಬ್ರಾಹ್ಮಣರನ್ನೂ ಪೇಟೆಯಲ್ಲಿ ಮಾರಾಟವಾಗುತ್ತಿದ್ದ ಕುರಿಮಾಂಸವನ್ನೂ ದಾಖಲಿಸಿದ್ದಾನೆ. ಕೆಲವು ವರ್ಷಗಳ ಅನಂತರ ಬಂದ ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ನೂನಿಜ್, ಇಲ್ಲಿನ ಅರಸರು ದನದ ಮಾಂಸವನ್ನುಳಿದು ಕುರಿ, ಹಂದಿ, ಜಿಂಕೆ, ಮೊಲ, ಹಕ್ಕಿಗಳನ್ನೆಲ್ಲ ತಿನ್ನುತ್ತಿದ್ದರೆಂದು ಬರೆದಿದ್ದಾನೆ. ಅದೇ ನಗರದಲ್ಲಿ ಜೈನರ ಗಾಣಗಿತ್ತಿ ಬಸದಿಯೂ ವೀರಶೈವ ಮಠಗಳೂ ಹರಿದಾಸರ ನೆಲೆಯೂ ಇದ್ದವು. ಇಂದಿಗೂ ಹೊಳೆಯಲ್ಲಿ ಮೀನು ಹಿಡಿಯುವ, ಗುಡ್ಡದಲ್ಲಿ ಕುರಿ ಕಾಯುವ ಮನೆತನಗಳು ಇಲ್ಲಿ ನೆರೆಹೊರೆಯಲ್ಲೇ ಬಾಳುತ್ತಿರುವುದರಿಂದ, ಮಾಂಸ ಬಿಟ್ಟವರು ತಾವು ಮೇಲೆಂದು ಎಣಿಸತೊಡಗಿದ ಕ್ಷಣದಲ್ಲಿ ಅದು ಆಹಾರದ ಮಾತಾಗಿ ಉಳಿಯದೆ ಜಾತಿಯ ಮಾತಾಗುತ್ತದೆ, ಮತ್ತು ಅದರಿಂದ ಪ್ರಾಣಿದಯೆಗೆ ಕೆಟ್ಟ ಹೆಸರು ಬರುತ್ತದೆ. ಶ್ರಾವಣ ಮಾಸದಲ್ಲಿ, ಸೋಮವಾರ ಶನಿವಾರಗಳಲ್ಲಿ ಮಾಂಸ ಮಾಡದ ರೂಢಿ ಅನೇಕ ಮನೆಗಳಲ್ಲಿ ಈಗಾಗಲೇ ಇದೆ; ಆ ರೂಢಿಯನ್ನೇ ಹಿಗ್ಗಿಸುತ್ತ ಹೋದವರ ನಿಶ್ಚಯ, ಒಂದೇ ದಿನದಲ್ಲಿ ಎಲ್ಲವನ್ನೂ ತ್ಯಜಿಸಿದವರ ನಿಶ್ಚಯಕ್ಕಿಂತ ಗಟ್ಟಿಯಾಗಿ ನಿಂತಿದೆ.

ಊಟದ ಕಷ್ಟಕ್ಕೆ ಕಾರಣ ನೆಲದಲ್ಲೇ ಇದೆ. ಹೊಸಪೇಟೆಯಿಂದ ಕಂಪ್ಲಿಯವರೆಗಿನ ತುಂಗಭದ್ರಾ ನದಿ ದಂಡೆಗೆ ತುರ್ತು, ರಾಮಸಾಗರ, ಕಂಪ್ಲಿ ಮೊದಲಾದ ವಿಜಯನಗರ ಕಾಲದ ಕಾಲುವೆಗಳು ಶತಮಾನಗಳಿಂದ ನೀರುಣಿಸುತ್ತಿವೆ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿದ ಮೇಲೆ ತರಿ, ಅಂದರೆ ನೀರಾವರಿ ಭೂಮಿ, ಇನ್ನಷ್ಟು ಹರಡಿತು. ತರಿಯಲ್ಲಿ ಬೆಳೆಯುವುದು ಭತ್ತ, ಕಬ್ಬು, ಬಾಳೆ. ಜೋಳ, ಸಜ್ಜೆ, ನವಣೆ, ತೊಗರಿ, ಶೇಂಗಾ, ಕುಸುಬಿಗಳು ಖುಷ್ಕಿಯ, ಅಂದರೆ ಮಳೆಯನ್ನೇ ನಂಬಿದ ಹೊಲದ ಬೆಳೆಗಳು. ಮಾಂಸ ಬಿಟ್ಟ ಮನೆಯವರು ತರಿ ಭೂಮಿಯ ಅನ್ನ, ತೆಳ್ಳನೆಯ ಸಾರು, ಬಾಳೆಹಣ್ಣುಗಳಿಗೇ ತೃಪ್ತರಾದರೆ ಹೊಟ್ಟೆ ತುಂಬುತ್ತದೆಯೇ ಹೊರತು ಮೈಗೆ ಬಲ ಬರುವುದಿಲ್ಲ, ಏಕೆಂದರೆ 100 ಗ್ರಾಂ ಅಕ್ಕಿಯಲ್ಲಿರುವ ಪ್ರೋಟೀನ್ 7–8 ಗ್ರಾಂ ಮಾತ್ರ, ಅಷ್ಟೇ ತೂಕದ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ ಸುಮಾರು 25 ಗ್ರಾಂ. ಪ್ರೋಟೀನಿನ ಒಂದು ಘಟಕವಾದ ಲೈಸಿನ್ ಧಾನ್ಯಗಳಲ್ಲಿ ಕಡಿಮೆ, ಬೇಳೆಕಾಳುಗಳಲ್ಲಿ ಧಾರಾಳ. ಜೋಳದ ರೊಟ್ಟಿಯೊಂದಿಗೆ ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಪುಂಡಿಪಲ್ಯಗಳನ್ನು ಬಡಿಸುತ್ತಿದ್ದ ಹಳೆಯ ಊಟ ಈ ಕೊರತೆಯನ್ನು ತಾನಾಗಿಯೇ ತುಂಬುತ್ತಿತ್ತು. ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ 2021ರ ಡಿಸೆಂಬರಿನಿಂದ ಮೊಟ್ಟೆ ಕೊಡತೊಡಗಿದಾಗ ಅದನ್ನು ತಿನ್ನದ ಮಕ್ಕಳಿಗೆ ಬಾಳೆಹಣ್ಣು ಸಿಕ್ಕಿತು. ಆದರೆ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದ್ದರೆ ಒಂದು ಬಾಳೆಹಣ್ಣಿನಲ್ಲಿ ಇರುವುದು ಸುಮಾರು 1 ಗ್ರಾಂ. ಬಾಳೆ ಬೆಳೆಯುವ ಊರಿನವರಿಗೆ ಇದು ಹಿತವಾದ ಲೆಕ್ಕವಲ್ಲ, ಆದರೂ ಮಕ್ಕಳನ್ನು ಸಸ್ಯಾಹಾರಿಗಳಾಗಿ ಬೆಳೆಸುವ ಪ್ರತಿಯೊಬ್ಬ ತಾಯಿತಂದೆಗೆ ಅದು ತಿಳಿದಿರಲೇಬೇಕು, ಮತ್ತು ಶೇಂಗಾ ಚಿಕ್ಕಿ ಅಥವಾ ಬೇಯಿಸಿದ ಕಾಳು ಮಕ್ಕಳ ಕೈಗೆ ದಿನವೂ ಬರಬೇಕು.

ಹಾಲನ್ನೂ ಬಿಡಹೊರಟವರಿಗೆ ಹೆಚ್ಚು ಕಾಡುವುದು ಮೊಸರು, ಏಕೆಂದರೆ ಬಿಸಿಲ ನಾಡಿನಲ್ಲಿ ಖಾರದ ರೊಟ್ಟಿ ಊಟ ಮುಗಿಯುವುದೇ ಅದರಿಂದ. ದೊಡ್ಡ ಪೇಟೆಗಳಿಂದ ತರಿಸುವ ಬಾದಾಮಿ ಹಾಲಿನ ಪೊಟ್ಟಣ ಕೂಲಿಯ ಮನೆಗೆ ಎಟಕುವುದಿಲ್ಲ. ಆದರೆ ನೆನೆಸಿದ ಕುಸುಬಿ ಕಾಳನ್ನು ರುಬ್ಬಿ, ಸೋಸಿ, ಆ ಹಾಲಿನಲ್ಲಿ ಗೋಧಿಯನ್ನೂ ಬೆಲ್ಲವನ್ನೂ ಕುದಿಸಿ ಹುಗ್ಗಿ ಮಾಡುವ ಪದ್ಧತಿ ಉತ್ತರ ಕರ್ನಾಟಕದ ಅಡುಗೆಮನೆಗಳಲ್ಲಿ ಬಹು ಹಿಂದಿನಿಂದ ಇದೆ. ಸಸ್ಯಮೂಲದ ಹಾಲು ಹೊರಗಿನಿಂದ ಬಂದ ಹೊಸ ವಿಚಾರವೆಂಬ ನಂಬಿಕೆಯನ್ನು ಅದೊಂದೇ ಅಡುಗೆ ಸುಳ್ಳು ಮಾಡುತ್ತದೆ. ಶೇಂಗಾವನ್ನು ಅದೇ ರೀತಿ ರುಬ್ಬಿ, ಸೋಸಿ, ಕುದಿಸಿ, ಉಗುರುಬೆಚ್ಚಗಿರುವಾಗ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿಟ್ಟರೆ ಮೊಸರಿನಂತೆ ಹೆಪ್ಪುಗಟ್ಟುತ್ತದೆ. ರುಚಿ ಬೇರೆಯಾದರೂ ಮಜ್ಜಿಗೆಗೆ ಒಗ್ಗುತ್ತದೆ. ಸುಣ್ಣದ ಅಂಶವಾದ ಕ್ಯಾಲ್ಸಿಯಂಗಾಗಿ ರಾಗಿಯನ್ನೂ ಎಳ್ಳನ್ನೂ ಊಟಕ್ಕೆ ತರಬೇಕು: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120 ಮಿಲಿಗ್ರಾಂ. ಕಾಳು ಮತ್ತು ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ಲಿಂಬೆಹುಳಿ ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ.

ಇವೆಲ್ಲವನ್ನೂ ನೆಲ ಕೊಡುತ್ತದೆ, ಒಂದನ್ನು ಮಾತ್ರ ಕೊಡುವುದಿಲ್ಲ. ನರಗಳ ಆರೋಗ್ಯಕ್ಕೂ ರಕ್ತಕಣಗಳ ಹುಟ್ಟಿಗೂ ಬೇಕಾದ ಬಿ12 ಜೀವಸತ್ವ ಯಾವ ಕಾಳಿನಲ್ಲೂ ಸೊಪ್ಪಿನಲ್ಲೂ ನೆಚ್ಚುವಷ್ಟು ಸಿಗುವುದಿಲ್ಲ. ಯಕೃತ್ತಿನಲ್ಲಿ ಕೂಡಿಟ್ಟದ್ದು ಹಲವು ವರ್ಷ ಬಾಳುವುದರಿಂದ ಕೊರತೆ ತಡವಾಗಿ, ಸುಸ್ತು, ಕೈಕಾಲು ಜುಮ್ಮೆನ್ನುವಿಕೆ, ಮರೆವುಗಳ ರೂಪದಲ್ಲಿ ತೋರುತ್ತದೆ, ಮತ್ತು ಜನ ಅದನ್ನು ವಯಸ್ಸಿನ ಅಥವಾ ದುಡಿಮೆಯ ಫಲವೆಂದು ಬಗೆದು ಸುಮ್ಮನಾಗುತ್ತಾರೆ. ಆದ್ದರಿಂದ ಹಾಲನ್ನೂ ಬಿಟ್ಟವರು ಬಿ12 ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ತಪ್ಪದೆ ತೆಗೆದುಕೊಳ್ಳಬೇಕು, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಗರ್ಭಿಣಿಯರು, ಬಾಣಂತಿಯರು ಮತ್ತು ಎಳೆಯ ಮಕ್ಕಳ ವಿಷಯದಲ್ಲಿ ವೈದ್ಯರ ಸಲಹೆ ಇಲ್ಲದೆ ಹಾಲನ್ನು ನಿಲ್ಲಿಸಲೇಬಾರದು.