ಗರಜಿನ ಮಾರಾಟಗಾರನೂ ಕರಾರಿನ ದಲ್ಲಾಳಿಯೂ

ಹೊಲ ಮಾರುವ ವಿಚಾರವನ್ನು ನೀವು ಇನ್ನೂ ಮನೆಯಾಕೆಯೊಡನೆ ಸಹ ಪೂರ್ತಿ ಮಾತನಾಡಿರುವುದಿಲ್ಲ. ಅಷ್ಟರಲ್ಲೇ ಪರಿಚಯವಿಲ್ಲದ ಗೃಹಸ್ಥರೊಬ್ಬರು ಬಂದು ಜಗಲಿಯ ಮೇಲೆ ಕುಳಿತು, "ಯಜಮಾನರೇ, ಮೇಲಿನ ಹೊಲ ಕೊಡುತ್ತೀರಂತೆ?" ಎಂದು ಕೇಳುತ್ತಾರೆ. ಇವರಿಗೆ ಹೇಗೆ ಗೊತ್ತಾಯಿತು ಎಂದು ನಿಮಗೆ ಆಶ್ಚರ್ಯವಾಗುತ್ತದೆ. ಈ ಪಾಠದಲ್ಲಿ ಅದನ್ನೇ ತಿಳಿಯೋಣ. ಅವರು ನಿಮ್ಮನ್ನು ಹುಡುಕಿದ ಬಗೆ ತಿಳಿದರೆ, ಅವರೊಡನೆ ವ್ಯವಹರಿಸುವ ಬಗೆಯೂ ಅರ್ಧ ತಿಳಿದಂತೆಯೇ.

ದಲ್ಲಾಳಿಗಳಲ್ಲಿ ಎರಡು ಬಗೆಯವರುಂಟು. ಕೊಳ್ಳುವವನನ್ನೂ ಮಾರುವವನನ್ನೂ ಎದುರುಬದುರು ಕೂರಿಸಿ, ವ್ಯಾಪಾರ ಕುದುರಿದ ಮೇಲೆ ದಲ್ಲಾಳಿ ಹಣ ಪಡೆಯುವವನು ಹಳೆಯ ಬಗೆಯವನು. ಎರಡನೆಯವನು ಹೊಲವನ್ನು ಕೊಳ್ಳುವುದಿಲ್ಲ, ಕರಾರನ್ನು ಮಾತ್ರ ಕೊಳ್ಳುತ್ತಾನೆ. ಸ್ವಲ್ಪ ಮುಂಗಡ ಕೊಟ್ಟು ತನ್ನ ಹೆಸರಿಗೆ ಅಗ್ರಿಮೆಂಟು ಬರೆಸಿಕೊಂಡು, ಅವಧಿ ಮುಗಿಯುವುದರೊಳಗೆ ಹೆಚ್ಚಿನ ಬೆಲೆಗೆ ಮೂರನೆಯವನನ್ನು ಹಿಡಿದು ತರುತ್ತಾನೆ. ನಡುವಣ ಅಂತರವೇ ಅವನ ಲಾಭ. ಅಮೆರಿಕ ದೇಶದಲ್ಲಿ ಇದಕ್ಕೆ ಹೋಲ್‌ಸೇಲಿಂಗ್ ಎಂದು ಹೆಸರು. ಅಲ್ಲಿಯ ಹೋಲ್‌ಸೇಲರು ಕಂದಾಯ ಬಾಕಿದಾರರ ಪಟ್ಟಿ, ಸತ್ತವರ ಆಸ್ತಿಯ ಕೋರ್ಟು ಕಾಗದ, ಸಾಲಕ್ಕೆ ಹರಾಜಾಗಲಿರುವ ಮನೆಗಳ ಪ್ರಕಟಣೆ ಇವನ್ನೆಲ್ಲ ಜಾಲಾಡಿ, ತುರ್ತು ಇರುವವರಿಗೆ ಕಾಗದ ಬರೆಯುತ್ತಾರೆ. ಹುಲ್ಲು ಬೆಳೆದ ಅಂಗಳ, ಮುರಿದ ಕಿಟಕಿ ಕಾಣುವ ಬೀದಿಗಳಲ್ಲಿ ಕಾರು ಓಡಿಸಿ ವಿಳಾಸ ಬರೆದುಕೊಳ್ಳುತ್ತಾರೆ. ಇದರಿಂದ ವೃದ್ಧರೂ ಕಷ್ಟದಲ್ಲಿರುವವರೂ ಮೋಸಹೋಗುತ್ತಾರೆಂಬ ಕೂಗೆದ್ದು, ಇಲಿನಾಯ್ ಸಂಸ್ಥಾನವು 2019ರಲ್ಲಿಯೂ ಫಿಲಡೆಲ್ಫಿಯ ನಗರವು 2020ರಲ್ಲಿಯೂ ಒಕ್ಲಹೋಮ ಸಂಸ್ಥಾನವು 2021ರಲ್ಲಿಯೂ ಈ ಕಸುಬಿಗೆ ಲೈಸೆನ್ಸಿನ ಕಟ್ಟು ಹಾಕಿದವು. ನಮ್ಮಲ್ಲಿ 2016ರ ರೇರಾ ಕಾನೂನು ಕಟ್ಟಡ ಮತ್ತು ಬಡಾವಣೆ ಯೋಜನೆಗಳ ಏಜೆಂಟರಿಗೆ ನೋಂದಣಿಯನ್ನು ವಿಧಿಸಿದೆಯಷ್ಟೆ. ಬರಿಯ ಹೊಲ ಮಾರಿಸುವವನನ್ನು ಅದು ಕೇಳುವುದಿಲ್ಲ.

ಇನ್ನು ನಮ್ಮ ಹಳ್ಳಿಗಳಲ್ಲಿ ಹುಡುಕಾಟ ಹೇಗೆ ನಡೆಯುತ್ತದೆ? ಮೊದಲನೆಯ ಆಕರ ನಿಮ್ಮ ಪಹಣಿಯೇ. ಭೂಮಿ ಯೋಜನೆಯಿಂದ ಪಹಣಿಗಳು ಗಣಕಯಂತ್ರಕ್ಕೆ ಏರಿದ ಮೇಲೆ ಸರ್ವೆ ನಂಬರು ತಿಳಿದ ಯಾರಾದರೂ ಅದನ್ನು ನೋಡಬಹುದು. ಒಂಬತ್ತನೆಯ ಕಾಲಂನಲ್ಲಿ ಎಂದೋ ತೀರಿಹೋದ ತಾತನ ಹೆಸರೇ ಇದ್ದರೆ ಪೌತಿ ಖಾತೆ ಆಗಿಲ್ಲ, ವಾರಸುದಾರರಲ್ಲಿ ಒಮ್ಮತವಿಲ್ಲ ಎಂದು ಓದುವವನು ಓದಿಕೊಳ್ಳುತ್ತಾನೆ. ನಾಲ್ಕಾರು ಹೆಸರು ಜಂಟಿಯಾಗಿದ್ದರೆ ಯಾರಾದರೊಬ್ಬನಿಗೆ ಪಾಲು ಮಾರಿ ಹೋಗುವ ಮನಸ್ಸಿರುತ್ತದೆ ಎಂದು ಎಣಿಸುತ್ತಾನೆ. ಹನ್ನೊಂದನೆಯ ಕಾಲಂನಲ್ಲಿ ಬ್ಯಾಂಕಿನ ಅಥವಾ ಸೊಸೈಟಿಯ ಋಣ ಕಂಡರೆ ಅದೂ ಒಂದು ಸುಳಿವು. ನಾವು ಓದದ ಕಾಗದವನ್ನು ಅವನು ಓದಿಕೊಂಡು ಬರುತ್ತಾನೆ. ನನ್ನ ಮಟ್ಟಿಗೆ ನಾಚಿಕೆಪಡಬೇಕಾದ ಸಂಗತಿ ಇದು.

ಉಳಿದ ಸುದ್ದಿ ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಪತ್ರಬರಹಗಾರರ ಮೇಜಿನ ಬಳಿ ಸಿಕ್ಕುತ್ತದೆ. ಯಾರ ಮನೆಯಲ್ಲಿ ಮದುವೆ ಗೊತ್ತಾಯಿತು, ಯಾರು ಆಸ್ಪತ್ರೆ ಸೇರಿದರು, ಯಾರ ಕೊಳವೆ ಬಾವಿ ಬತ್ತಿತು, ಯಾರ ಮಗ ಪಟ್ಟಣದಲ್ಲಿ ನೆಲೆಸಿ ಹೊಲ ಬೀಳುಬಿಟ್ಟ ಎಂಬುದನ್ನು ತಿಳಿಯಲು ದುಡ್ಡು ಬೇಕಾಗಿಲ್ಲ.

ಇನ್ನೊಂದು ಉಪಾಯ ಹೆದರಿಕೆಯದು. "ಸರ್ಕಾರ ಕೈಗಾರಿಕೆಗೆಂದು ಈ ಕಡೆಯ ಜಮೀನೆಲ್ಲ ತೆಗೆದುಕೊಳ್ಳುತ್ತದಂತೆ, ಈಗ ಸಿಕ್ಕಿದ ಬೆಲೆಗೆ ಕೊಟ್ಟುಬಿಡಿ" ಎನ್ನುತ್ತಾರೆ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾನೂನಿನಲ್ಲಿ 28(1)ರ ಪ್ರಕಟಣೆ ಎಂಬುದು ಉದ್ದೇಶದ ಪ್ರಕಟಣೆ ಮಾತ್ರ. ಆ ಬಳಿಕ ನಿಮಗೆ ನೋಟೀಸು ಬರಬೇಕು, ಆಕ್ಷೇಪಣೆಗೆ 30 ದಿನಗಳ ಕಾಲ ಇರುತ್ತದೆ, ಕಡೆಯಲ್ಲಿ 28(4)ರ ಪ್ರಕಟಣೆ ಆಗಬೇಕು. ಪ್ರಕಟಣೆ ನಿಜವಾಗಿಯೂ ಇದೆಯೇ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಇದ್ದರೂ ಇಂಥವನಿಗೇ ಮಾರಬೇಕೆಂಬ ಬಲವಂತ ಅದರಿಂದ ಹುಟ್ಟುವುದಿಲ್ಲ. ಆ ಜಮೀನು ಹೋಗುವುದು ಖಂಡಿತವಾದರೆ ಈ ಗೃಹಸ್ಥರು ಅದನ್ನು ಏಕೆ ಕೊಳ್ಳಲು ಬಂದರು ಎಂದು ಅವರನ್ನೇ ಕೇಳಿನೋಡಿ.

ಈಗ ಲೆಕ್ಕಕ್ಕೆ ಬರೋಣ. ನಿಮಗೆ 2 ಎಕರೆ 10 ಗುಂಟೆ ಇದೆ ಎಂದಿಟ್ಟುಕೊಳ್ಳಿ. ಮಗಳ ಮದುವೆಗೆ ಹಣ ಬೇಕು. ದಲ್ಲಾಳಿ ಎಕರೆಗೆ 30 ಲಕ್ಷದಂತೆ ಮಾತನಾಡಿ, 1 ಲಕ್ಷ ಮುಂಗಡ ಕೊಟ್ಟು, 11 ತಿಂಗಳ ಅವಧಿಯ ಕರಾರು ಬರೆಸುತ್ತಾನೆ. ಒಟ್ಟು ಬೆಲೆ ಅರವತ್ತೇಳೂವರೆ ಲಕ್ಷ. ಆ ಹೊತ್ತಿಗೆ ಪಟ್ಟಣದವನೊಬ್ಬ ಎಕರೆಗೆ 42 ಲಕ್ಷ ಕೊಡಲು ಸಿದ್ಧನಿದ್ದರೆ ದಲ್ಲಾಳಿಗೆ ಉಳಿಯುವುದು 27 ಲಕ್ಷ. ಹೂಡಿದ್ದು 1 ಲಕ್ಷ. ಪಟ್ಟಣದವನು ಸಿಗದಿದ್ದರೆ? ಅವನು 1 ಲಕ್ಷಕ್ಕೆ ನಷ್ಟಪಡಬಹುದು. ನೀವಾದರೋ 11 ತಿಂಗಳು ಬೇರೆಯವರಿಗೆ ಮಾರಲಾರದೆ, ಮದುವೆಗೆ ಬಡ್ಡಿ ಸಾಲ ತಂದು ಕುಳಿತಿರುತ್ತೀರಿ. ಮುಂಗಡ ಇಷ್ಟು ಕಡಮೆಯಾಗಿ, ಅವಧಿ ಇಷ್ಟು ದೀರ್ಘವಾಗಿದ್ದರೆ ಎದುರಿಗೆ ಕುಳಿತವನು ಕೊಳ್ಳುವವನಲ್ಲ, ಕರಾರಿನ ದಲ್ಲಾಳಿ ಎಂದು ತಿಳಿಯಬಹುದು.

ಬೆಲೆಯ ಅಂದಾಜು ನಿಮಗೇ ಇರಬೇಕು. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ. ಎಕರೆಗೆ 40 ಲಕ್ಷ ಎಂದರೆ ಅಡಿಗೆ ಸುಮಾರು 92 ರೂಪಾಯಿ. ಸಮೀಪದ ನಿವೇಶನಗಳ ಬೆಲೆಯೊಡನೆ ಇದನ್ನು ಹೋಲಿಸಿ. ಆದರೆ ರಸ್ತೆ, ಉದ್ಯಾನಗಳಿಗೆ ಜಾಗ ಹೋಗುತ್ತದೆ, ಪರಿವರ್ತನೆಗೂ ಚರಂಡಿಗೂ ಖರ್ಚಾಗುತ್ತದೆ ಎಂಬುದನ್ನು ಮರೆಯದೆ ಹೋಲಿಸಬೇಕು. ಉಪನೋಂದಣಾಧಿಕಾರಿಗಳ ಕಚೇರಿಯ ಮಾರ್ಗಸೂಚಿ ಬೆಲೆಯು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಇರುವುದು, ಸಂತೆಯ ಬೆಲೆ ಅದಕ್ಕಿಂತ ಮೇಲಿರಬಹುದು. ಇನ್ನೊಂದು ಸಂಗತಿ: 2020ರ ಭೂ ಸುಧಾರಣಾ ತಿದ್ದುಪಡಿಯ ಮುಂಚೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಆ ನಿರ್ಬಂಧ ಹೋದುದರಿಂದ ನಿಮ್ಮ ಹೊಲಕ್ಕೆ ಗಿರಾಕಿಗಳ ವಲಯ ದೊಡ್ಡದಾಗಿದೆ. ಇದು ದಲ್ಲಾಳಿಗೆ ಚೆನ್ನಾಗಿ ಗೊತ್ತು.

ಕರಾರಿನ ಪತ್ರದಲ್ಲಿ ಕಣ್ಣಿಡಬೇಕಾದ ಒಂದು ಸಾಲು ಉಂಟು: "ತಮಗೆ ಅಥವಾ ತಾವು ಸೂಚಿಸಿದವರಿಗೆ ಶುದ್ಧ ಕ್ರಯ ಮಾಡಿಕೊಡತಕ್ಕದ್ದು". ಕರಾರು ಕೈಬದಲಾಗುವುದು ಈ ಸಾಲಿನಿಂದ. ಅದನ್ನು ಒಪ್ಪುವುದೂ ಬಿಡುವುದೂ ನಿಮ್ಮ ಇಷ್ಟ. ಒಪ್ಪುವುದಾದರೆ ಮುಂಗಡವನ್ನು ಹೆಚ್ಚಿಸಿ, ಅವಧಿಯನ್ನು ಎರಡು ಮೂರು ತಿಂಗಳಿಗೆ ಇಳಿಸಿ, ಕಾಲಾವಧಿಯೇ ಈ ಕರಾರಿನ ಮುಖ್ಯ ಷರತ್ತೆಂದು ಸ್ಪಷ್ಟವಾಗಿ ಬರೆಸಿ. ಬರೆಸದಿದ್ದರೆ ಸ್ಥಿರಾಸ್ತಿಯ ವ್ಯವಹಾರದಲ್ಲಿ ಕೋರ್ಟು ಅವಧಿಯನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ.

"ಮುಂಗಡದ ಎರಡರಷ್ಟು ವಾಪಸು ಕೊಟ್ಟರೆ ಕರಾರು ಮುರಿದಂತೆ" ಎಂದು ನಂಬಿದವರು ಬಹಳ. ಇದು ತಪ್ಪು ತಿಳಿವಳಿಕೆ. 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಮೇಲೆ, ಕೊಳ್ಳುವವನು ತಾನು ಹಣದೊಡನೆ ಸಿದ್ಧನಿದ್ದೆನೆಂದು ರುಜುವಾತು ಮಾಡಿದರೆ ಕೋರ್ಟು ಸಾಮಾನ್ಯವಾಗಿ ಕ್ರಯಪತ್ರವನ್ನೇ ಬರೆದುಕೊಡಲು ಆಜ್ಞೆ ಮಾಡುತ್ತದೆ. ಮಾರುವವನ ಕಷ್ಟವನ್ನು ಮೊದಲಿನಂತೆ ತೂಗಿ ನೋಡುವುದಿಲ್ಲ. ಅವನು ದಾವೆ ಹೂಡಲು, ಕರಾರಿನಲ್ಲಿ ಗೊತ್ತಾದ ದಿನದಿಂದ ಮೂರು ವರ್ಷ ಕಾಲವಿರುತ್ತದೆ. ಆದುದರಿಂದ ಯೋಚನೆಯೆಲ್ಲ ರುಜು ಹಾಕುವ ಮುಂಚೆಯೇ ಆಗಬೇಕು.

ಕರಾರಿನ ಜೊತೆಗೆ ಜನರಲ್ ಪವರ್ ಆಫ್ ಅಟಾರ್ನಿಯನ್ನೂ ಕೇಳುವುದುಂಟು. ಆ ಕಾಗದದಿಂದ ಜಮೀನಿನ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಮಾರುವ ಅಧಿಕಾರ ಅದರಲ್ಲಿ ಬರೆದಿದ್ದರೆ ನಿಮ್ಮ ಪರವಾಗಿ ಅವನೇ ಇನ್ನೊಬ್ಬರಿಗೆ ಕ್ರಯಪತ್ರ ಬರೆದುಕೊಡಬಲ್ಲ. ಪೂರ್ತಿ ಹಣ ಕೈಗೆ ಬರುವ ಮೊದಲು ಅದನ್ನು ಕೊಡಬೇಡಿ. ಬರೆಯದ ಕಾಗದಕ್ಕೆ ರುಜು ಹಾಕುವ ವಿಚಾರವನ್ನಂತೂ ಹೇಳಬೇಕಾಗಿಯೇ ಇಲ್ಲ. ಮುಂಗಡವನ್ನು ಬ್ಯಾಂಕಿನ ಮೂಲಕ ಪಡೆಯಿರಿ. 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆಯ ಕಾನೂನಿನಲ್ಲಿ 2015ರಿಂದ ನಿಷೇಧವಿದೆ. ಎರಡು ಕಡೆಯವರಿಗೂ ಬೇಸಾಯದ ವರಮಾನವಿದ್ದು ತೆರಿಗೆಗೆ ಒಳಪಡುವ ವರಮಾನ ಇಲ್ಲದಿದ್ದರೆ ಮಾತ್ರ ವಿನಾಯಿತಿ.

ಗರಜು ಎಷ್ಟೇ ಇರಲಿ, ಕಾಗದ ಸರಿಯಿದ್ದವನ ಮಾತಿಗೆ ತೂಕವಿರುತ್ತದೆ. "ನಿಮ್ಮ ದಾಖಲೆ ಸರಿಯಿಲ್ಲ, ನಾನೇ ಓಡಾಡಿ ಸರಿಮಾಡುತ್ತೇನೆ" ಎಂದು ಹೇಳಿಯೇ ಎಕರೆಗೆ ಐದಾರು ಲಕ್ಷ ಮುರಿಯುತ್ತಾರೆ. ಪೌತಿ ಖಾತೆಗೆ ಗ್ರಾಮ ಆಡಳಿತ ಅಧಿಕಾರಿಗಳನ್ನು ನೀವೇ ಕಾಣಿರಿ. ಸರ್ವೆ ನಂಬರಿನಲ್ಲಿ ಒಂದು ಭಾಗವನ್ನಷ್ಟೇ ಮಾರುವುದಾದರೆ 11ಇ ನಕ್ಷೆಗೆ ಮೊದಲೇ ಅರ್ಜಿ ಹಾಕಿರಿ. ಹೆಣ್ಣುಮಕ್ಕಳೊಡನೆ ಕುಳಿತು ಮಾತನಾಡಿರಿ. ಪಿತ್ರಾರ್ಜಿತ ಆಸ್ತಿಯಲ್ಲಿ ಅವರಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು ಕರ್ನಾಟಕವು 1994ರಲ್ಲಿ ಕೊಟ್ಟಿತು, ಕೇಂದ್ರ ಕಾನೂನು 2005ರಲ್ಲಿ ಇನ್ನೂ ವಿಸ್ತರಿಸಿತು. ಅವರ ರುಜು ಇಲ್ಲದ ಕ್ರಯ ನಾಳೆ ಕೋರ್ಟಿಗೆ ಹೋದೀತು. ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನಾದರೆ, 1978ರ ಕಾನೂನಿನಂತೆ ಸರ್ಕಾರದ ಮುಂಚಿತ ಅನುಮತಿ ಇಲ್ಲದೆ ಯಾರಿಗೂ ಕೊಡುವಂತಿಲ್ಲ. ಇಂಥ ಜಮೀನಿಗೆ ಕರಾರು ಮಾಡಿಸಲು ಬಂದವನನ್ನು ಎದ್ದು ಕಳುಹಿಸುವುದೇ ಲೇಸು.

ಈ ಕಸುಬನ್ನು ಹಿಡಿದಿರುವ ಯುವಕರೂ ಇದನ್ನು ಓದುತ್ತಿರಬಹುದು. ಗಿರಾಕಿಯನ್ನು ಹುಡುಕುವುದೂ ತೊಡಕು ದಾಖಲೆ ಬಿಡಿಸುವುದೂ ಶ್ರಮದ ಕೆಲಸವೇ, ಅದಕ್ಕೆ ಕೂಲಿ ಕೇಳುವುದು ತಪ್ಪಲ್ಲ. "ನಾನು ಕೊಳ್ಳುವವನಲ್ಲ, ಮಾರಿಸುವವನು, ನನಗೆ ಇಷ್ಟು ಬೇಕು" ಎಂದು ಜಗಲಿಯ ಮೇಲೆ ಕುಳಿತ ಮೊದಲ ದಿನವೇ ಹೇಳಿಬಿಡಿ. ಹಾಗೆ ಹೇಳಿದವನಿಗೆ ಅದೇ ಊರಿನಲ್ಲಿ ಎರಡನೆಯ ವ್ಯಾಪಾರವೂ ಸಿಕ್ಕುತ್ತದೆ.

ಕರಾರಿನ ಕರಡು ಕೈಗೆ ಬಂದ ದಿನ ರುಜು ಹಾಕದೆ, ಒಂದು ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ. ಪಹಣಿ, ಋಣಭಾರ ಪತ್ರಗಳೊಡನೆ ಅದನ್ನು ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ತೆಗೆದುಕೊಂಡು ಹೋಗಿ ತೋರಿಸಬಹುದು. ಹೆಂಗಸರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ವರಮಾನದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಉಂಟು; ಉಳಿದವರಿಗೆ ವರಮಾನದ ಮೇಲೆ.